ಭತ್ತದ ಎಲೆ ಮಡಚಿ ಬೆಳ್ಳಗಾಗಿದೆಯಾ? ಔಷಧ ಹೊಡೆಯುವ ಮುಂಚೆ ಇಷ್ಟು ನೋಡಿ

ದೂರು

ನಾಟಿ ಮಾಡಿ ಒಂದು ತಿಂಗಳು ಕಳೆದಿರುತ್ತದೆ. ಮೇಲುಗೊಬ್ಬರವಾಗಿ ಯೂರಿಯಾ ಎರಚಿ ಪೈರು ಕಪ್ಪು ಹಸಿರಿಗೆ ತಿರುಗಿರುತ್ತದೆ. ನಾಲ್ಕೈದು ದಿನ ಮೋಡ ಮುಚ್ಚಿಕೊಂಡು, ಬಿಸಿಲೇ ಕಾಣುವುದಿಲ್ಲ. ಆಮೇಲೆ ಬದುವಿನ ಮೇಲೆ ನಿಂತು ನೋಡಿದರೆ ಎಲೆಗಳ ಮೇಲೆ ಉದ್ದುದ್ದ ಬಿಳಿ ಪಟ್ಟೆ. ಕೆಲವು ಎಲೆ ಉದ್ದಕ್ಕೆ ಮಡಚಿಕೊಂಡು ಕೊಳವೆ ಆಗಿರುತ್ತವೆ. ಮಂಡ್ಯ ಕಡೆಯ ನಾಲೆ ಬಯಲಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಇದು ಮಾಮೂಲು ನೋಟ. ಗೊಬ್ಬರದಂಗಡಿಗೆ ಹೋಗಿ ‘ಎಲೆ ಬೆಳ್ಳಗಾಗಿದೆ’ ಅಂದರೆ ಸಾಕು, ಎರಡು ಬಾಟಲಿ ಕೈಗೆ ಬಂದುಬಿಡುತ್ತದೆ.

ಭತ್ತದ ಎಲೆ ಬೆಳ್ಳಗಾಗುವುದಕ್ಕೆ, ಸುತ್ತಿಕೊಳ್ಳುವುದಕ್ಕೆ ಐದಾರು ಬೇರೆ ಬೇರೆ ಕಾರಣ ಇವೆ. ಅದರಲ್ಲಿ ಒಂದು ಎಲೆ ಸುರುಳಿ ಹುಳು. ಅದು ಒಂದು ಚಿಕ್ಕ ಪತಂಗದ ಮರಿ. ಹಾಗಾಗಿ ಗದ್ದೆಯಲ್ಲಿ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಅದೇ ಹುಳುವಾ? ಅದೇ ಆದರೆ ಈಗ ಏನಾದರೂ ಮಾಡಬೇಕಾ? ಎರಡನೆಯದಕ್ಕೆ ಬಹಳ ಸಲ ‘ಬೇಡ’ ಅನ್ನುವುದೇ ಉತ್ತರ. ಆದರೆ ಅದನ್ನು ಬದುವಿನ ಮೇಲೆ ನಿಂತು ಹೇಳೋಕೆ ಆಗಲ್ಲ.

ಮೊದಲು ಒಂದು ಎಲೆ ಬಿಚ್ಚಿ

ಗದ್ದೆಗೆ ಇಳಿಯಿರಿ. ಬದುವಿನಿಂದ ನಾಲ್ಕು ಹೆಜ್ಜೆ ಒಳಗೆ ಹೋಗಿ, ಮಡಚಿದ ಎಲೆಯೊಂದನ್ನು ಹಿಡಿದುಕೊಳ್ಳಿ. ಕೀಳಬೇಡಿ, ಗಿಡದಲ್ಲಿ ಇರುವ ಹಾಗೇ ನಿಧಾನ ಬಿಚ್ಚಿ. ಎಲೆಯ ಎರಡು ಅಂಚನ್ನೂ ಬೆಳ್ಳನೆಯ ನೂಲು ಹಿಡಿದಿಟ್ಟಿರುತ್ತದೆ. ಉದ್ದಕ್ಕೂ ಅಂಟಿಸಿದ್ದಲ್ಲ, ಅಷ್ಟಷ್ಟು ಜಾಗ ಬಿಟ್ಟು ಹಾಕಿದ ಹೊಲಿಗೆ. ಮುತ್ತುಗದ ಎಲೆ ಜೋಡಿಸಿ ಊಟದೆಲೆ ಹಚ್ಚುವಾಗ ಕಡ್ಡಿ ಚುಚ್ಚುತ್ತಾರಲ್ಲ, ಆ ಥರ. ಹೆಬ್ಬೆರಳು ಆಡಿಸಿದರೆ ಒಂದೊಂದೇ ಹೊಲಿಗೆ ಕಿತ್ತು ಬರುತ್ತದೆ.

ಒಳಮೈ ನೋಡಿ. ಹಸಿರು ಕೆರೆದು ಹೋಗಿ, ನರದ ಗುಂಟ ತೆಳ್ಳನೆಯ ಬಿಳಿ ಪೊರೆ ಮಾತ್ರ ಉಳಿದಿರುತ್ತದೆ. ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಮಸುಕಾಗಿ ಕಾಣುತ್ತದೆ. ಎಲೆಯಲ್ಲಿ ತೂತಿಲ್ಲ, ಅಂಚು ಕಡಿದಿಲ್ಲ. ಈ ಹುಳು ಒಳಮೈಯ ಹಸಿರನ್ನಷ್ಟೇ ತಿಂದು ಹೊರಗಿನ ಪೊರೆಯನ್ನು ಹಾಗೇ ಬಿಡುತ್ತದೆ. ಮಡಿಕೆಯ ಸಂದಿಯಲ್ಲಿ ಸಣ್ಣ ಸಣ್ಣ ಹಿಕ್ಕೆ ಕಾಳು ಕೂತಿರುತ್ತವೆ. ಹಿಕ್ಕೆ ಹಸಿರಾಗಿ ಒದ್ದೆ ಒದ್ದೆ ಇದ್ದರೆ ಹುಳು ಇಲ್ಲೇ ಎಲ್ಲೋ ಇದೆ. ಕಂದಾಗಿ ಒಣಗಿದ್ದರೆ ಮನೆ ಖಾಲಿಯಾಗಿ ದಿನವಾಗಿದೆ.

ಹುಳು ಸಿಕ್ಕಿದರೆ ಗುರುತು ಸುಲಭ. ಹಳದಿ ಬೆರೆತ ತಿಳಿ ಹಸಿರು ಮೈ, ಕಂದು ತಲೆ. ಮೈ ಎಷ್ಟು ತೆಳುವೆಂದರೆ ಒಳಗಿನ ಹಸಿರು ಊಟ ಹೊರಗೆ ಕಾಣುತ್ತದೆ. ಕಡ್ಡಿಯಿಂದ ಮುಟ್ಟಿದ ತಕ್ಷಣ ಕೊಂಕಾಡಿಕೊಂಡು ಹಿಂದಕ್ಕೆ ಓಡುತ್ತದೆ, ಇಲ್ಲವೇ ಎಲೆಯಿಂದ ಧುಮುಕಿ ನೀರಿಗೆ ಬೀಳುತ್ತದೆ. ಈ ಅಭ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ನೂಲು, ಹಿಕ್ಕೆ, ಕೆರೆದ ಗುರುತು. ಮೂರೂ ಇದ್ದರೆ ಇದು ಎಲೆ ಸುರುಳಿ ಹುಳುವೇ. ನೂಲೇ ಇಲ್ಲದಿದ್ದರೆ ಮುಂದಿನ ಭಾಗ ಓದಿ.

ಇದಲ್ಲದಿದ್ದರೆ ಮತ್ತೇನು?

ಎಲ್ಲಕ್ಕಿಂತ ಜಾಸ್ತಿ ಗೊಂದಲ ಮಾಡುವುದು ಕೊಳವೆ ಹುಳು. ಅದೂ ಪತಂಗದ ಮರಿಯೇ, ಅದೂ ಎಲೆ ಬೆಳ್ಳಗೆ ಮಾಡುತ್ತದೆ. ಆದರೆ ಅದರ ಕಸುಬೇ ಬೇರೆ. ಎಲೆಯ ತುದಿಯನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ನೇರವಾಗಿ ಕಡಿದು, ಆ ತುಂಡನ್ನೇ ಸುತ್ತಿ ಕೊಳವೆ ಮಾಡಿಕೊಂಡು, ಅದರೊಳಗೆ ಕೂತು ನೀರಿನ ಮೇಲೆ ತೇಲುತ್ತದೆ. ಗದ್ದೆಯ ನೀರು ಗಾಳಿ ಬೀಸುವ ಕಡೆಗೆ ತಳ್ಳಿದ ಮೂಲೆಯಲ್ಲಿ ಬಗ್ಗಿ ನೋಡಿ. ಸಣ್ಣ ಕೊಳವೆಗಳು ಗುಂಪಾಗಿ ತೇಲುತ್ತಿದ್ದರೆ ಪತ್ತೆ ಆಯಿತು. ಇದು ಎಳೆ ಪೈರಿನಲ್ಲಿ, ನೀರು ನಿಂತಲ್ಲಿ ಮಾತ್ರ ಬರುತ್ತದೆ. ನೀರು ಬಸಿದು ಎರಡು ಮೂರು ದಿನ ಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಬಿಳಿ ಗೆರೆ ಇದೆ, ಆದರೆ ಎಲೆ ಮಡಚಿಲ್ಲ, ಗೆರೆಗಳು ಒಂದರ ಪಕ್ಕ ಒಂದು ನೇರವಾಗಿವೆ ಅಂದರೆ ಹಿಸ್ಪಾ ದುಂಬಿ ಇರಬಹುದು. ನೀಲಿಗಪ್ಪು ಬಣ್ಣದ, ಮೈತುಂಬಾ ಮುಳ್ಳಿರುವ ಪುಟ್ಟ ದುಂಬಿ ಎಲೆಯ ಮೇಲೇ ಕೂತಿರುತ್ತದೆ. ಅದರ ಮರಿ ಎಲೆಯ ಎರಡು ಪೊರೆಯ ನಡುವೆ ಸೇರಿಕೊಂಡು ತಿನ್ನುತ್ತದೆ. ಆ ಜಾಗ ಉಬ್ಬಿ ಬೊಬ್ಬೆಯಂತೆ ಕಾಣುತ್ತದೆ.

ಒಟ್ಲು (ಸಸಿಮಡಿ) ಅಥವಾ ಎಳೆ ನಾಟಿಯಲ್ಲಿ ಎಲೆಯ ತುದಿ ಸೂಜಿಯಂತೆ ಸುತ್ತಿಕೊಂಡು ಹಳದಿಯಾದರೆ ಥ್ರಿಪ್ಸ್ ನುಸಿ. ಅಂಗೈ ಒದ್ದೆ ಮಾಡಿಕೊಂಡು ಸಸಿಯ ಮೇಲೆ ಸವರಿ ನೋಡಿ. ಕಪ್ಪು ಚುಕ್ಕೆಗಳಂಥ ಹುಳು ಅಂಗೈಗೆ ಅಂಟುತ್ತವೆ.

ನೀರಿನ ಕೊರತೆಯೂ ಎಲೆ ಸುತ್ತಿಸುತ್ತದೆ. ಆದರೆ ಆಗ ಇಡೀ ತಾಕಿನ ಎಲೆಗಳು ಮಧ್ಯಾಹ್ನ ಒಟ್ಟಿಗೆ ಸುತ್ತಿಕೊಂಡು, ಸಂಜೆ ತಂಪಿಗೆ ತಾವೇ ಬಿಚ್ಚಿಕೊಳ್ಳುತ್ತವೆ. ಇದಕ್ಕೆ ಔಷಧ ಹೊಡೆದವರನ್ನೂ ನೋಡಿದ್ದೇನೆ. ಮಾರನೇ ದಿನ ನಾಲೆ ನೀರು ಬಂತು, ಪೈರು ಸರಿಹೋಯಿತು, ಹೆಸರು ಮಾತ್ರ ಔಷಧಕ್ಕೆ ಹೋಯಿತು.

ತುದಿಯಿಂದ ಶುರುವಾಗಿ ಅಂಚಿನ ಗುಂಟ ಅಲೆಅಲೆಯಾಗಿ ಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗಿದರೆ ಅದು ಹುಳುವಲ್ಲ, ದುಂಡಾಣು ಎಲೆ ಅಂಗಮಾರಿ ರೋಗ. ರೋಗದ ಜಾಗದಿಂದ ಒಂದು ತುಂಡು ಎಲೆ ಕತ್ತರಿಸಿ ಗಾಜಿನ ಲೋಟದ ತಿಳಿ ನೀರಿನಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ತುದಿಯಿಂದ ಹಾಲಿನಂಥದ್ದು ಎಳೆಯಾಗಿ ಇಳಿದರೆ ರೋಗ ಖಚಿತ. ಎಲೆ ಸುರುಳಿ ಹುಳು ಕೆರೆದ ಗಾಯದ ಮೂಲಕವೂ ಈ ರೋಗ ಒಳಗೆ ಬರಬಹುದು. ಹಾಗಾಗಿ ಎರಡೂ ಒಟ್ಟಿಗೆ ಸಿಕ್ಕರೆ ಆಶ್ಚರ್ಯಪಡಬೇಡಿ.

ಇನ್ನೊಂದು ಅಪರೂಪದ್ದು, ಸ್ಕಿಪ್ಪರ್ ಚಿಟ್ಟೆಯ ಹುಳು. ಅದೂ ನೂಲು ಹಾಕಿ ಎಲೆ ಮಡಚುತ್ತದೆ. ಆದರೆ ಎಲೆಯನ್ನು ಅಂಚಿನಿಂದ ಕಡಿದು ತಿನ್ನುತ್ತದೆ. ದೊಡ್ಡ ತಲೆ, ಸಣ್ಣ ಕುತ್ತಿಗೆಯ ದಪ್ಪ ಹುಳು. ಅಲ್ಲೊಂದು ಇಲ್ಲೊಂದು ಇರುತ್ತದೆ, ತಲೆ ಕೆಡಿಸಿಕೊಳ್ಳುವಷ್ಟೇನೂ ಅಲ್ಲ.

ಹುಳುವಿನ ದಿನಚರಿ

ಎಲೆ ಸುರುಳಿ ಹುಳು ಅಂತ ಗೊತ್ತಾದ ಮೇಲೆ ಅದರ ಜೀವನ ಕೊಂಚ ತಿಳಿದಿರಬೇಕು. ಇಲ್ಲದಿದ್ದರೆ ಯಾವಾಗ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ವಿಜ್ಞಾನದಲ್ಲಿ ಇದರ ಹೆಸರು ನಫಲೋಕ್ರೋಸಿಸ್ ಮೆಡಿನಾಲಿಸ್. ಹತ್ತಿರದ ಸಂಬಂಧಿಗಳು ಒಂದೆರಡಿವೆ. ರೆಕ್ಕೆಯ ಗೆರೆಗಳಲ್ಲಿ ಸ್ವಲ್ಪ ವ್ಯತ್ಯಾಸ, ಗದ್ದೆಯ ಮಟ್ಟಿಗೆ ಎಲ್ಲವೂ ಒಂದೇ.

ಪತಂಗ ಬೆರಳ ಉಗುರಿನಷ್ಟು. ಒಣಹುಲ್ಲಿನ ಬಣ್ಣದ ರೆಕ್ಕೆ. ಮುಂದಿನ ರೆಕ್ಕೆಯ ಮೇಲೆ ಅಡ್ಡಕ್ಕೆ ಎರಡು ಪೂರ್ತಿ ಕಪ್ಪು ಗೆರೆ, ನಡುವೆ ಒಂದು ಅರ್ಧ ಗೆರೆ, ಅಂಚಿನಲ್ಲಿ ಅಗಲವಾದ ಕಂದು ಪಟ್ಟಿ. ಗಂಡಾದರೆ ರೆಕ್ಕೆಯ ಮುಂದಿನ ಅಂಚಿನ ನಡುವೆ ಕಪ್ಪು ಕೂದಲಿನ ಪುಟ್ಟ ಗುಚ್ಛ ಇರುತ್ತದೆ. ಹಗಲೆಲ್ಲ ಪೈರಿನ ಒಳಗೆ ನೆರಳಲ್ಲಿ ಅಡಗಿ ಕೂತು ರಾತ್ರಿ ಓಡಾಡುತ್ತದೆ. ಕಳೆ ಕೀಳಲು ಗದ್ದೆಗೆ ಇಳಿದಾಗ ಕಾಲ ಮುಂದೆ ಪುರ್ರನೆ ಎದ್ದು, ನಾಲ್ಕು ಮಾರು ಹಾರಿ ಮತ್ತೆ ಎಲೆಯ ಕೆಳಗೆ ಸೇರಿಕೊಳ್ಳುವುದು ಇದೇ. ಇಷ್ಟೇ ಇಷ್ಟು ಹಾರುವ ಜೀವಿ ಅಂದುಕೊಂಡರೆ ತಪ್ಪು. ಜಪಾನಿನ ಬಹುಪಾಲು ಕಡೆ ಚಳಿಗಾಲ ತಡೆಯಲಾರದೆ ಇದು ಸತ್ತುಹೋಗುತ್ತದೆ. ಆದರೂ ಪ್ರತಿ ವರ್ಷ ಮುಂಗಾರು ಗಾಳಿಯ ಜೊತೆ ಚೀನಾ ಕಡೆಯಿಂದ ಸಮುದ್ರ ದಾಟಿ ಅಲ್ಲಿನ ಗದ್ದೆಗೆ ಬಂದಿಳಿಯುತ್ತದೆ.

ಹೆಣ್ಣು ಪತಂಗ ಎಲೆಯ ನರದ ಗುಂಟ ಒಂಟಿಯಾಗಿ ಅಥವಾ ಸಾಲಾಗಿ ಚಪ್ಪಟೆ ಮೊಟ್ಟೆ ಇಡುತ್ತದೆ. ನಾಲ್ಕರಿಂದ ಆರು ದಿನಕ್ಕೆ ಮರಿ ಹೊರಬರುತ್ತದೆ. ಹುಟ್ಟಿದ ಮರಿ ನೇರವಾಗಿ ಎಲೆ ಮಡಚುವುದಿಲ್ಲ. ಇನ್ನೂ ಬಿಚ್ಚದ ಸುಳಿಯೊಳಗೆ ಸೇರಿಕೊಂಡು ಅಲ್ಲೇ ಕೆರೆಯುತ್ತದೆ. ಒಂದು ಸಲ ಪೊರೆ ಬಿಟ್ಟ ಮೇಲೆ ಎಲೆಯ ಮೇಲೆ ಬಂದು ಮನೆ ಕಟ್ಟಲು ಶುರು. ತಲೆಯನ್ನು ಈ ಅಂಚಿನಿಂದ ಆ ಅಂಚಿಗೆ ತೂಗುತ್ತಾ ನೂಲು ಎಳೆಯುತ್ತದೆ, ಅಂಚುಗಳು ಹತ್ತಿರ ಹತ್ತಿರ ಬರುತ್ತವೆ. ಒಂದು ಎಲೆಯ ಹಸಿರು ಮುಗಿದರೆ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ. ಒಂದೇ ಹುಳು ಹೀಗೆ ಮೂರು ನಾಲ್ಕು ಎಲೆ ಕೆಡಿಸುತ್ತದೆ. ಹದಿನೈದರಿಂದ ಇಪ್ಪತ್ತೈದು ದಿನ ಇದೇ ಬಾಳು. ಪೂರ್ತಿ ಬೆಳೆದಾಗ ಎರಡು, ಎರಡೂವರೆ ಸೆಂಟಿಮೀಟರ್ ಉದ್ದ. ಆಮೇಲೆ ಮಡಚಿದ ಎಲೆಯಲ್ಲೋ ತೆಂಡೆಯ (ಪೈರಿನ ಬುಡದಿಂದ ಒಡೆಯುವ ಕವಲು) ಬುಡದಲ್ಲೋ ಕೋಶ ಕಟ್ಟಿ, ಒಂದು ವಾರದ ಆಸುಪಾಸಿನಲ್ಲಿ ಪತಂಗವಾಗಿ ಹೊರಬರುತ್ತದೆ. ಮೊಟ್ಟೆಯಿಂದ ಪತಂಗಕ್ಕೆ ಹೆಚ್ಚುಕಮ್ಮಿ ಒಂದು ತಿಂಗಳು.

ಒಂದು ಹುಳು ಹಲವು ಎಲೆ ಬದಲಿಸುತ್ತದೆ ಅಂದಮೇಲೆ, ಬೆಳ್ಳಗಾದ ಎಲೆ ಎಣಿಸಿದರೆ ಹುಳುವಿನ ಲೆಕ್ಕ ಸಿಗಲ್ಲ, ಅಲ್ವಾ? ಬಿಳಿ ಎಲೆ ಹೇಳುವುದು ಆಗಿಹೋದದ್ದನ್ನು. ಈಗ ನಡೆಯುತ್ತಿರುವುದು ಮಡಿಕೆಯ ಒಳಗಿದೆ.

ಎಣಿಸುವ ಕ್ರಮ

ಗದ್ದೆಯಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ನಡೆಯುತ್ತಾ 20 ಬುಡ ನೋಡಿ. ಬದುವಿನ ಪಕ್ಕದ ಸಾಲು, ಮರದ ನೆರಳು ಬೀಳುವ ಜಾಗ ಬಿಡಿ. ಅಲ್ಲಿ ಯಾವಾಗಲೂ ಜಾಸ್ತಿ ಇರುತ್ತದೆ, ಅದನ್ನು ನೋಡಿ ಇಡೀ ಗದ್ದೆಗೆ ತೀರ್ಮಾನ ಮಾಡಬಾರದು.

ತೆಂಡೆ ಹೊಡೆಯುವ ಹಂತದಲ್ಲಿ ನೂರಕ್ಕೆ 10 ಎಲೆ ಹಾಳಾಗಿದ್ದರೆ ಆಗ ಔಷಧದ ಮಾತು. ಹೊಡೆ ಬಿಚ್ಚಿ ತೆನೆ ಹೊರಬರುವ ಹೊತ್ತಿಗೆ ಲೆಕ್ಕ ಬದಲಾಗುತ್ತದೆ. ತೆನೆಯ ಕೆಳಗೆ ನೆಟ್ಟಗೆ ನಿಲ್ಲುವ ಕಡೇ ಎಲೆಗಳಲ್ಲಿ ನೂರಕ್ಕೆ 5 ಹಾಳಾದರೂ ಯೋಚಿಸಬೇಕು. ಕಾಳು ತುಂಬುವುದಕ್ಕೆ ಮುಖ್ಯವಾಗಿ ದುಡಿಯುವುದು ಆ ಎಲೆ. ಅದು ಹೋದರೆ ಬದಲಿಗೆ ಇನ್ನೊಂದು ಬರುವುದಿಲ್ಲ. ಎಳೆ ಪೈರಿನಲ್ಲಿ ಹಾಗಲ್ಲ, ಹಳೇ ಎಲೆ ಹೋದರೆ ಹೊಸ ಎಲೆ, ಹೊಸ ತೆಂಡೆ ಬಂದು ಸರಿದೂಗಿಸುತ್ತವೆ.

ಹತ್ತು ಪರ್ಸೆಂಟ್ ಅಂದರೆ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ. ಬುಡಕ್ಕೆ 15 ತೆಂಡೆ, ತೆಂಡೆಗೆ 4 ಎಲೆ ಅಂದರೆ 60 ಎಲೆ. ಅದರಲ್ಲಿ 6. ಪ್ರತಿ ಬುಡದಲ್ಲೂ ಐದೈದು ಬಿಳಿ ಎಲೆ ಇರುವ ಗದ್ದೆ ದೂರದಿಂದ ಭಯಂಕರವಾಗಿ ಕಾಣುತ್ತದೆ. ಆದರೂ ಅದು ಮಿತಿಯೊಳಗೇ ಇದೆ.

ಎಣಿಸುವಾಗ ಮಡಿಕೆಗಳನ್ನು ಬಿಚ್ಚುತ್ತಾ ಹೋಗಿ. ಸಿಗುವುದು ಚಿಕ್ಕ ಹುಳುಗಳಾದರೆ ಮುಂದೆ ಹಾನಿ ಹೆಚ್ಚಲಿದೆ. ಬಹುಪಾಲು ಎರಡು ಸೆಂಟಿಮೀಟರ್ ಮೀರಿದ ಹುಳು, ಕಂದು ಕೋಶ, ಇಲ್ಲವೇ ಖಾಲಿ ಮಡಿಕೆ ಸಿಕ್ಕರೆ ಈ ತಲೆಮಾರಿನ ಊಟ ಮುಗಿಯಿತು ಅಂತಲೇ ಅರ್ಥ. ಆಗ ಹೊಡೆದ ಔಷಧ ಸುಮ್ನೆ ದುಡ್ಡು ದಂಡ. ಸತ್ತು ಕಪ್ಪಾದ ಹುಳು, ಅದರ ಪಕ್ಕದಲ್ಲಿ ಅಕ್ಕಿ ನುಚ್ಚಿನಷ್ಟು ಬಿಳಿ ಗೂಡು ಕಂಡರೆ ಅದು ಪರಾವಲಂಬಿ ಕಣಜದ ಕೆಲಸ. ಅಂಥ ಎಲೆಯನ್ನು ಗಿಡದಲ್ಲೇ ಬಿಡಿ. ಮಡಿಕೆಯೊಳಗೆ ಕೆಂಪು ಮತ್ತು ನೀಲಿಗಪ್ಪು ಬಣ್ಣದ ಉದ್ದನೆಯ ದುಂಬಿ ಸಿಕ್ಕರೂ ಹೊಸಕಬೇಡಿ, ಅದು ಹುಳು ಹುಡುಕಿಕೊಂಡೇ ಒಳಗೆ ಬಂದದ್ದು.

ನಿಮ್ಮ ಗದ್ದೆಗೇ ಯಾಕೆ?

ಪಕ್ಕದ ಗದ್ದೆ ಹಸಿರಾಗಿದೆ, ನಿಮ್ಮದು ಬಿಳಿ. ಹಾಗಿದ್ದರೆ ಮೊದಲು ಯೂರಿಯಾ ಲೆಕ್ಕ ತೆಗೆಯಿರಿ. ಮಂಡ್ಯ, ಮೈಸೂರು ಕಡೆಯ ನೀರಾವರಿ ಭತ್ತಕ್ಕೆ ಸಾಮಾನ್ಯ ಶಿಫಾರಸು ಹೆಕ್ಟೇರಿಗೆ 100 ಕಿಲೋ ಸಾರಜನಕ, ಅಂದರೆ ಎಕರೆಗೆ 40 ಕಿಲೋ. ಪೂರ್ತಿ ಯೂರಿಯಾದಲ್ಲೇ ಕೊಟ್ಟರೂ ಸುಮಾರು 87 ಕಿಲೋ. 45 ಕಿಲೋ ಚೀಲದಲ್ಲಿ ಎರಡು ಚೀಲವೂ ಆಗಲ್ಲ, ಅದೂ ಕಂತಿನಲ್ಲಿ. ಡಿಎಪಿ ಗೊಬ್ಬರ ಹಾಕಿದ್ದರೆ ಅದರಲ್ಲಿರುವ ಸಾರಜನಕವನ್ನೂ ಇದರಲ್ಲೇ ಕಳೆಯಬೇಕು. ‘ಪೈರು ಕಪ್ಪಗಿರಬೇಕು’ ಅಂತ ಮೂರನೇ ಚೀಲ ಸುರಿದ ಗದ್ದೆಗೆ ಪತಂಗ ಹುಡುಕಿಕೊಂಡು ಬರುತ್ತದೆ. ಎಲೆ ಮೆತ್ತಗೆ, ರಸವತ್ತಾಗಿ, ಒತ್ತೊತ್ತಾಗಿ ಇರುತ್ತದೆ. ಮೊಟ್ಟೆಗೂ ಮರಿಗೂ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಎರಡನೆಯದು, ಮೊದಲೇ ಹೊಡೆದ ಔಷಧ. ನಾಟಿಯಾದ ಮೂರು ವಾರಕ್ಕೆ ‘ಮುನ್ನೆಚ್ಚರಿಕೆ’ಗೆಂದು ಸೈಪರ್‌ಮೆಥ್ರಿನ್ ಥರದ ಪೈರೆಥ್ರಾಯಿಡ್ ಹೊಡೆದಿದ್ದರೆ ಜೇಡ, ಕಣಜ, ಏರೋಪ್ಲೇನ್ ಚಿಟ್ಟೆ, ಮೊಟ್ಟೆ ತಿನ್ನುವ ಸಣ್ಣ ಮಿಡತೆ ಜಾತಿಯವು ಎಲ್ಲ ಸತ್ತಿರುತ್ತವೆ. ಆಮೇಲೆ ಬಂದ ಪತಂಗಕ್ಕೆ ಕೇಳುವವರೇ ಇಲ್ಲ. ವಿಯೆಟ್ನಾಂನ ಮೆಕಾಂಗ್ ನದಿ ಬಯಲಿನಲ್ಲಿ 1990ರ ದಶಕದಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ರೈತರಿಗೆ ಒಂದು ಸರಳ ಪರೀಕ್ಷೆ ಹೇಳಿದರು. ಗದ್ದೆಯ ಒಂದು ಭಾಗಕ್ಕೆ ಮೊದಲ 40 ದಿನ ಹುಳುವಿನ ಔಷಧವನ್ನೇ ಹೊಡೆಯಬೇಡಿ, ಉಳಿದ ಭಾಗಕ್ಕೆ ಎಂದಿನಂತೆ ಹೊಡೆಯಿರಿ, ಕೊಯ್ಲಿನಲ್ಲಿ ಎರಡನ್ನೂ ಹೋಲಿಸಿ ಅಂತ. ಇಳುವರಿ ಕಮ್ಮಿಯಾಗಲಿಲ್ಲ. ಆಗ ಅಲ್ಲಿ ರೈತರು ಹೊಡೆಯುತ್ತಿದ್ದ ಔಷಧದಲ್ಲಿ ದೊಡ್ಡ ಪಾಲು ಈ ಎಲೆ ಸುರುಳಿ ಹುಳುವಿಗೇ ಆಗಿತ್ತು. ನೀವೂ ಒಂದು ತಾಕಿನಲ್ಲಿ ಮಾಡಿ ನೋಡಬಹುದು, ಖರ್ಚೇನೂ ಇಲ್ಲ.

ಮೂರನೆಯದಾಗಿ ತೀರಾ ಒತ್ತಾದ ನಾಟಿ, ಮರದ ನೆರಳು, ಬದುವಿನ ಹುಲ್ಲು. ಹುಲ್ಲಿನ ಮೇಲೂ ಈ ಹುಳು ಬಾಳುತ್ತದೆ.

ಮಾಡಬೇಕಾದ್ದು

ಮಿತಿಯೊಳಗೆ ಇದ್ದರೆ ಯೂರಿಯಾ ನಿಲ್ಲಿಸಿ, ವಾರ ಬಿಟ್ಟು ಮತ್ತೆ ಎಣಿಸಿ. ಅಷ್ಟೇ.

ಹುಳು ಇದೆ, ಹೊಡೆ ಇನ್ನೂ ಬಂದಿಲ್ಲ ಅನ್ನುವಾಗ ಹಗ್ಗ ಎಳೆಯುವುದು ಹಳೇ ಉಪಾಯ. ಗದ್ದೆಯಲ್ಲಿ ನೀರು ನಿಲ್ಲಿಸಿ, ಎರಡು ಬದುವಿನ ಮೇಲೆ ಇಬ್ಬರು ನಿಂತು ತೆಂಗಿನ ನಾರಿನ ಹಗ್ಗವನ್ನು ಪೈರಿನ ತಲೆಯ ಮೇಲೆ ಎಳೆದುಕೊಂಡು ಹೋಗಬೇಕು. ಮತ್ತೆ ಎದುರು ದಿಕ್ಕಿನಿಂದ ಒಮ್ಮೆ. ಕೆಲವರು ಹಗ್ಗಕ್ಕೆ ಮುಳ್ಳಿನ ಕೊಂಬೆ ಕಟ್ಟುತ್ತಾರೆ, ಮಡಿಕೆ ಬಿಚ್ಚಿಕೊಳ್ಳುತ್ತದೆ. ಮುಟ್ಟಿದರೆ ಧುಮುಕುವ ಅಭ್ಯಾಸ ಇದೆಯಲ್ಲ, ಹುಳು ನೀರಿಗೆ ಬೀಳುತ್ತದೆ. ಉಳಿದದ್ದು ಕಪ್ಪೆಗಳ ಪಾಲು. ಅಂಗಮಾರಿ ರೋಗ ಇರುವ ಗದ್ದೆಯಲ್ಲಿ ಮಾತ್ರ ಇದು ಬೇಡ. ಹಗ್ಗವೇ ರೋಗವನ್ನು ಎಲೆಯಿಂದ ಎಲೆಗೆ ಹಚ್ಚಿಬಿಡುತ್ತದೆ.

ಟ್ರೈಕೋಗ್ರಾಮ ಕಾರ್ಡ್ (ಟ್ರೈಕೋಗ್ರಾಮ ಕಣಜ ಹೊರಬರುವ ಮೊಟ್ಟೆ ಅಂಟಿಸಿದ ಚೀಟಿ) ಕಟ್ಟುವುದಾದರೆ ಸಮಯ ಮುಖ್ಯ. ಈ ಪುಟಾಣಿ ಕಣಜ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಎಲೆ ಬೆಳ್ಳಗಾದ ಮೇಲೆ ಕಟ್ಟಿದರೆ ಮೊಟ್ಟೆಯೇ ಇರುವುದಿಲ್ಲ. ಕಾಲ ಮುಂದೆ ಪತಂಗ ಏಳಲು ಶುರುವಾದಾಗಲೇ ಕಟ್ಟಬೇಕು. ಹೆಕ್ಟೇರಿಗೆ ಒಂದು ಸಲಕ್ಕೆ 1 ಲಕ್ಷ ಕಣಜದ ಲೆಕ್ಕ, ವಾರಕ್ಕೊಮ್ಮೆಯಂತೆ ಮೂರು ಸಲ. ಆ ದಿನಗಳಲ್ಲಿ ಬೇರೆ ಔಷಧ ಹೊಡೆಯಬಾರದು.

ಎಣಿಕೆ ಮಿತಿ ದಾಟಿತು, ಒಳಗೆ ಚಿಕ್ಕ ಹುಳುವೂ ಇದೆ ಅಂದರೆ ಔಷಧ ಹೊಡೆಯಿರಿ. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಎಕರೆಗೆ 60 ಮಿಲಿ, ಅಥವಾ ಕಾರ್ಟಾಪ್ ಹೈಡ್ರೋಕ್ಲೋರೈಡ್ 50 ಎಸ್‌ಪಿ ಎಕರೆಗೆ 400 ಗ್ರಾಂ. ಎರಡರಲ್ಲಿ ಒಂದು ಮಾತ್ರ, ಎಕರೆಗೆ ಸುಮಾರು 200 ಲೀಟರ್ ನೀರಿನಲ್ಲಿ. ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಲೇಬಲ್ ಮೇಲೆ ಬರೆದಿರುತ್ತದೆ, ಓದಿ. ಸಂಜೆ ಹೊಡೆಯಿರಿ, ಮುಖಕ್ಕೆ ಬಟ್ಟೆ, ಕೈಗೆ ಗವಸು ಇರಲಿ.

ಒಂದು ವಿಷಯ ನಮ್ಮ ಕಡೆ ತುಂಬಾ ಮುಖ್ಯ. ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದರೆ ಗಾಳಿ ನೋಡಿಕೊಂಡು ಹೊಡೆಯಿರಿ, ಆ ತೋಟದವರಿಗೆ ಮೊದಲೇ ಹೇಳಿ. ರೇಷ್ಮೆ ಹುಳುವೂ ಪತಂಗದ ಮರಿಯೇ ಅಲ್ವಾ? ಎಲೆ ಸುರುಳಿ ಹುಳು ಕೊಲ್ಲುವ ಕ್ಲೋರಾಂಟ್ರಾನಿಲಿಪ್ರೋಲ್ ಒಂದಿಷ್ಟು ಸೊಪ್ಪಿನ ಮೇಲೆ ಬಿದ್ದರೂ ಇಡೀ ಚಾಕಿ (ರೇಷ್ಮೆಯ ಎಳೆ ಹುಳು) ಹೋಗಬಹುದು. ಹಿಪ್ಪುನೇರಳೆಯಲ್ಲೂ ಕುಡಿ ಸುತ್ತುವ ಹುಳು ಬರುತ್ತದೆ, ಅದು ಬೇರೆ ಜಾತಿ. ಭತ್ತದ ಈ ಲೆಕ್ಕ, ಈ ಔಷಧ ಅಲ್ಲಿಗೆ ಸಲ್ಲ.

ಔಷಧ ಹೊಡೆದರೂ ಬಿಳಿ ಹೋಗಿಲ್ಲ

ಹೋಗುವುದಿಲ್ಲ. ಕೆರೆದ ಎಲೆ ಮತ್ತೆ ಹಸಿರಾಗಲ್ಲ. ವಾರದ ಮೇಲೆ ಸುಳಿಯಿಂದ ಬಂದ ಹೊಸ ಎರಡು ಎಲೆ ನೋಡಿ. ಅವು ಚೊಕ್ಕಟ ಇದ್ದರೆ ಕೆಲಸ ಆಗಿದೆ, ಎರಡನೇ ಸಲ ಹೊಡೆಯಬೇಡಿ. ಹೊಸ ಎಲೆಯೂ ಮಡಚುತ್ತಿದ್ದರೆ, ಒಳಗೆ ಜೀವಂತ ಹುಳು ಇದ್ದರೆ, ಮೂರು ವಿಷಯ ವಿಚಾರಿಸಿ. ಹೊಡೆದ ಮೇಲೆ ಮಳೆ ಬಂತಾ? ನೀರು ಕಮ್ಮಿ ಹಾಕಿ ಮೇಲೆ ಮೇಲೆ ಹೊಡೆದರಾ? ಹೊಡೆಯುವಾಗಲೇ ಹುಳು ದೊಡ್ಡದಾಗಿತ್ತಾ?

ಯಾವುದೂ ಹೊಂದದಿದ್ದರೆ ಮಡಚಿದ ಹತ್ತಾರು ಎಲೆಗಳನ್ನು ಬಿಚ್ಚದೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಅವತ್ತೇ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ಜೊತೆಗೆ ಒಂದು ಚೀಟಿಯಲ್ಲಿ ತಳಿಯ ಹೆಸರು, ನಾಟಿ ತಾರೀಖು, ಎಷ್ಟು ಯೂರಿಯಾ ಯಾವಾಗ ಕೊಟ್ಟಿರಿ, ಯಾವ ಔಷಧ ಎಂದು ಹೊಡೆದಿರಿ ಅಂತ ಬರೆದುಕೊಳ್ಳಿ. ಖಾಲಿ ಬಾಟಲಿಯ ಲೇಬಲ್‌ನ ಫೋಟೋ ಮೊಬೈಲ್‌ನಲ್ಲಿ ಇದ್ದರೆ ಇನ್ನೂ ಒಳ್ಳೆಯದು.